ಗುಮ್ಮಟಕ್ಕೆ ಉಣ್ಣೆ ಬೆರೆಸಿದ ಮಲ್ಲಕ್ಕ

ಚಿತ್ರದುರ್ಗದಲ್ಲಿ ಕಲ್ಲಿಗೆ ಬರವಿಲ್ಲ, ಕಲ್ಲಿನ ಬಗ್ಗೆ ಮಾತಾಡುವವರಿಗೂ ಬರವಿಲ್ಲ. ಹೊರಗಿನಿಂದ ನೆಂಟರು ಬಂದರೆ ಸಾಕು, ಸೀದಾ ಕೋಟೆಗೆ ಹತ್ತಿಸಿ, ಬತೇರಿ ತೋರಿಸಿ, ಹೊಂಡ ತೋರಿಸಿ, ಬೆವರಿಳಿಸಿ ಕಳಿಸುತ್ತಾರೆ. ಪೇಟೆಯ ಮಧ್ಯೆ ಒಂದು ಹಳೆಯ ಚರ್ಚು ಇದೆ, ಅದರೊಳಗೆ ತಲೆಯೆತ್ತಿ ನೋಡಬೇಕಾದ ಒಂದು ಗುಮ್ಮಟ ಇದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆ ಗುಮ್ಮಟ ಇವತ್ತು ನಿಂತಿರುವುದು ಯಾರಿಂದ ಎಂದು ಕೇಳಿದರಂತೂ ಮುಖ ಮುಖ ನೋಡುತ್ತಾರೆ. ಮಲ್ಲಕ್ಕನಿಂದ. ಗೊತ್ತಿಲ್ಲದವರು ಈಗಲಾದರೂ ತಿಳಿದುಕೊಳ್ಳಲಿ.

ಮಲ್ಲಕ್ಕ ಹುಟ್ಟಿದ್ದು ಶ್ರೀರಾಂಪುರದ ಹತ್ತಿರದ ಹಳ್ಳಿಯೊಂದರಲ್ಲಿ, ಕುರಿ ಸಾಕುವವರ ಮನೆಯಲ್ಲಿ. ನಡೆಯಲು ಕಲಿಯುವ ಮೊದಲೇ ಉಣ್ಣೆಯ ರಾಶಿಯ ಮೇಲೆ ಹೊರಳಾಡಿದವಳು. ಕಣ್ಣು ಮುಚ್ಚಿ ಮುಟ್ಟಿದರೂ ಸಾಕು, ಇದು ಮರಿಯದು, ಇದು ಮುದಿ ಟಗರಿನದು ಎಂದು ಹೇಳಿಬಿಡುತ್ತಿದ್ದಳು. ಮದುವೆಯಾದದ್ದು ಭರಮಸಾಗರದ ಕಡೆಯ ಚಿತ್ರಲಿಂಗಪ್ಪನನ್ನು. ಆತ ಕಂಬಳಿ ನೇಯುತ್ತಿದ್ದ. ಸಂತೆಗೆ ಗಿರಣಿಯ ಬಣ್ಣದ ಹೊದಿಕೆಗಳು ಬಂದ ಮೇಲೆ ಕರಿ ಕಂಬಳಿ ಕೇಳುವವರು ಕಡಿಮೆಯಾದರು. ಇಬ್ಬರೂ ದುರ್ಗಕ್ಕೆ ಬಂದರು. ಚಿತ್ರಲಿಂಗಪ್ಪ ಮಂಡಿಯಲ್ಲಿ ಮೂಟೆ ಹೊರಲು ನಿಂತ. ಮಲ್ಲಕ್ಕ ತಿಪ್ಪಯ್ಯ ಮೇಸ್ತ್ರಿಯ ಕೈಕೆಳಗೆ ಗಾರೆ ಹೊರಲು ಸೇರಿದಳು.

ಹದಿನಾರು ವರ್ಷ ಹೊತ್ತಳು. ಕಟ್ಟಡದ ಕೆಲಸದಲ್ಲಿ ಒಂದು ಕಟ್ಟಳೆ ಇದೆ, ಯಾರೂ ಬರೆದಿಟ್ಟದ್ದಲ್ಲ, ಆದರೂ ಎಲ್ಲರೂ ಪಾಲಿಸುವುದು. ಮೇಸ್ತ್ರಿ ಗೋಡೆ ನೋಡುತ್ತಾನೆ, ಗಾರೆ ಹೊರುವ ಹೆಂಗಸು ಮೇಸ್ತ್ರಿಯ ಬೆನ್ನು ನೋಡುತ್ತಾಳೆ. ಮಲ್ಲಕ್ಕ ಬೆನ್ನಿನ ಪಕ್ಕದಿಂದ ಗೋಡೆಯನ್ನೂ ನೋಡುತ್ತಿದ್ದಳು. ಸುಣ್ಣ ಎಷ್ಟು ದಿನ ನೀರಿನಲ್ಲಿ ಅರಳಬೇಕು, ಮರಳು ಯಾವ ಹಳ್ಳದ್ದಾಗಬೇಕು, ಅಳಲೆಕಾಯಿ ನೆನೆಸಿದ ನೀರನ್ನೂ ಬೆಲ್ಲದ ನೀರನ್ನೂ ಯಾವಾಗ ಹಾಕಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ತಿಪ್ಪಯ್ಯನಿಗೂ ಒಂದು ಕಾಲಕ್ಕೆ ಗೊತ್ತಿತ್ತು. ಸಿಮೆಂಟಿನ ಚೀಲ ಬಂದಮೇಲೆ ಮರೆತಿದ್ದ.

ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಆ ಹಳೆಯ ಚರ್ಚಿನ ಕೆಲಸ ತಿಪ್ಪಯ್ಯನಿಗೆ ಸಿಕ್ಕಿತು, ಅದೂ ಮೂರನೇ ಸಲ. ಚರ್ಚಿನ ಬುಡವೆಲ್ಲ ದುರ್ಗದ್ದೇ ಕಲ್ಲು. ಮೇಲೆ ಇಟ್ಟಿಗೆ ಮತ್ತು ಸುಣ್ಣದ ದಪ್ಪ ಗೋಡೆ, ಕಿಟಕಿಯ ಗೂಡಿನಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದು. ಕಿಟಕಿಗಳ ಕಮಾನುಗಳು ಮೇಲಕ್ಕೆ ಚೂಪಾಗಿ ಕೈಮುಗಿದ ಹಾಗೆ ಸೇರುತ್ತವೆ. ಸಭೆ ಕೂರುವ ಕಡೆ ತೇಗದ ತೊಲೆ, ಮಂಗಳೂರು ಹೆಂಚು. ಪೂರ್ವದ ಕೊನೆಯಲ್ಲಿ, ಬಲಿಪೀಠದ ಮೇಲೆ, ತೊಲೆಯೂ ಇಲ್ಲ ಹೆಂಚೂ ಇಲ್ಲ. ಅಲ್ಲಿ ಇಟ್ಟಿಗೆಯ ಅರ್ಧ ಗುಮ್ಮಟ. ಮೊಟ್ಟೆ ಒಡೆದು ಅರ್ಧವನ್ನು ಗೋಡೆಗೆ ಒರಗಿಸಿಟ್ಟಂತೆ, ಒಂದು ಕಂಬದ ಆಸರೆಯೂ ಇಲ್ಲದೆ ನಿಂತಿದೆ. ಅದರ ಕೆಳಗೆ ಪಿಸುಗುಟ್ಟಿದರೂ ಕೊನೆಯ ಬೆಂಚಿಗೆ ಕೇಳುತ್ತದೆ.

ರೋಗ ಬಂದದ್ದು ಆ ಗುಮ್ಮಟದ ಗಾರೆಗೆ. ಅಲ್ಲಲ್ಲಿ ಉದುರಿತ್ತು. ತಿಪ್ಪಯ್ಯ ಎರಡು ವರ್ಷ ಸಿಮೆಂಟು ಮೆತ್ತಿದ. ಎರಡು ವರ್ಷವೂ ಮಳೆಗಾಲ ಕಳೆಯುತ್ತಲೇ ಸಿಮೆಂಟು ದೋಸೆಯ ಹಾಗೆ ಎದ್ದು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಇಟ್ಟಿಗೆ ಸರಿಯಿಲ್ಲ ಎಂದ. ಕೊನೆಗೆ ಸಭೆಯವರು ದಾವಣಗೆರೆಯಿಂದ ತಿಪ್ಪೇರುದ್ರಪ್ಪ ಎಂಬ ಎಂಜಿನಿಯರನ್ನು ಕರೆಸಿದರು. ಅವರು ಮರದ ಸುತ್ತಿಗೆಯಿಂದ ಗುಮ್ಮಟವನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಕೆಳಗಿಳಿದರು.

"ಅರ್ಧಕ್ಕರ್ಧ ಪೊಳ್ಳು. ಗಾರೆ ಹಿಡೀಲಿಲ್ಲ ಅಂದ್ರೆ ಇಟ್ಟಿಗೆಗೂ ನೀರು ಇಳಿಯುತ್ತೆ. ಒಂದು ದಿನ ಜನದ ತಲೆ ಮೇಲೇ ಕೂರುತ್ತೆ. ಇಳಿಸಿಬಿಡಿ. ಚಪ್ಪಟೆ ಕಾಂಕ್ರೀಟು ಹಾಕ್ಸೋಣ."

ಪಾದ್ರಿ ಸಮಾಧಾನಪ್ಪನವರ ಮುಖದಲ್ಲಿ ಸಮಾಧಾನ ಉಳಿಯಲಿಲ್ಲ. ಅವರ ತಾತ, ಅಪ್ಪ, ಅವರು, ಮೂರು ತಲೆಮಾರು ಆ ಗುಮ್ಮಟದ ಕೆಳಗೆ ದೀಕ್ಷಾಸ್ನಾನ ಪಡೆದವರು. "ನೂರು ವರ್ಷದ ಹಿಂದೆ ಬಿಳಿ ಪಾದ್ರಿಗಳು ಕಟ್ಟಿಸಿದ್ದು. ಆ ಗಾರೆ ಗುಟ್ಟು ಅವರ ಜೊತೆಗೇ ಹೋಯ್ತು" ಎಂದು ಬೆಂಚಿನ ಮೇಲೆ ಕುಸಿದರು.

ಮಲ್ಲಕ್ಕ ಆಗ ಕೆಳಗೆ ಬಿದ್ದ ಗಾರೆಯ ಚೂರುಗಳನ್ನು ಬಾಂಡ್ಲಿಗೆ ತುಂಬುತ್ತಿದ್ದಳು. ಒಂದು ಹಳೇ ಚೂರನ್ನು ಮುರಿದಳು. ಅದು ಮುರಿಯಿತು, ಆದರೆ ಬೇರೆಯಾಗಲಿಲ್ಲ. ಎರಡು ತುಂಡಿನ ನಡುವೆ ಕರಿಯ ಎಳೆಗಳು ಹಿಡಿದುಕೊಂಡಿದ್ದವು. ಒಂದೆಳೆ ಎಳೆದಳು, ಬೆರಳಿಗೆ ಉಗುಳು ಹಚ್ಚಿ ಹೊಸೆದಳು. ಅಂಗಳದಲ್ಲಿ ಕೂಲಿಯವರ ಒಲೆಯ ಬಳಿ ಹೋಗಿ ಕೆಂಡಕ್ಕೆ ಹಿಡಿದು ಮೂಸಿದಳು. ಸುಟ್ಟ ಕಂಬಳಿಯ ವಾಸನೆ ಬಂತು. ಪಾದ್ರಿಗಳ ಹತ್ತಿರ ಓಡಿದಳು.

"ಅಯ್ಯನೋರೆ, ಇಲ್ಲಿ ನೋಡ್ರಿ. ಇದು ಉಣ್ಣೆ."

"ಇಲಿ ಕೂದಲಿರ್ಬೇಕು ಬಿಡವ್ವ" ಎಂದ ತಿಪ್ಪಯ್ಯ.

"ಇಲಿ ಕೂದ್ಲು ನೀನು ನೋಡಿರ್ಬೋದು ಮೇಸ್ತ್ರಿ, ಉಣ್ಣೆ ನಾನು ನೋಡೀನಿ. ಇದು ಕರೇ ಕುರಿದು. ಅದ್ರಾಗೂ ಮರಿದು, ಮೊದಲ್ನೇ ಕತ್ರಿದು. ತುದಿ ಹೆಂಗೆ ಸಣ್ಣಗೈತೆ ನೋಡು. ಎರಡ್ನೇ ಕತ್ರಿ ಬಿದ್ಮೇಲೆ ತುದಿ ಮೊಂಡಾಗ್ತೈತೆ." ಪಾದ್ರಿಗಳ ಕಡೆ ತಿರುಗಿದಳು. "ಬಿಳಿ ಪಾದ್ರಿಗಳು ಕಟ್ಸಿರ್ಬೋದು ಅಯ್ಯನೋರೆ. ಕಟ್ಟಿದೋರು ನಮ್ಮೋರು. ಗುಟ್ಟು ಎಲ್ಲಿಗೂ ಹೋಗಿಲ್ಲ. ನಮ್ಮ ತವ್ರುಮನೆ ಹಟ್ಟ್ಯಾಗೆ ಮೇಯ್ಕಂಡೈತೆ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆಯೇ ಎಲ್ಲರೂ ನಕ್ಕರು. ಪಾದ್ರಿಗಳು ನಗಲಿಲ್ಲ. ಆ ಚೂರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎಂಜಿನಿಯರ ಮುಂದೆ ಕೈಮುಗಿದು ಒಂದು ಮಳೆಗಾಲದ ಅವಕಾಶ ಕೇಳಿದರು. ತಿಪ್ಪೇರುದ್ರಪ್ಪ ಕಟುಕರೇನಲ್ಲ, ಲೆಕ್ಕಾಚಾರದ ಮನುಷ್ಯ. "ಆಯ್ತು. ಹಸ್ತೆ, ಚಿತ್ತೆ ಮಳೆ ಕಳೀಲಿ. ಬಂದು ತಟ್ಟಿ ನೋಡ್ತೀನಿ. ಒಂದು ಕಡೆ ಪೊಳ್ಳು ಸದ್ದು ಬಂದ್ರೂ ಗುಮ್ಮಟ ಇಳಿಸೋದೇ. ಆಮೇಲೆ ಮಾತಿಲ್ಲ" ಎಂದರು.

ಹೀಗೆ ಗುಮ್ಮಟದ ಆಯಸ್ಸು ಗಾರೆ ಹೊರುವ ಹೆಂಗಸಿನ ಕೈಗೆ ಬಂತು. ಮೇಸ್ತ್ರಿಯ ಮುಖ ಸಪ್ಪಗಾಯಿತು, ಆದರೆ ಕೆಲಸ ಬಿಟ್ಟು ಹೋಗಲಿಲ್ಲ. ಹತ್ತಿ ನಿಲ್ಲಲು ಸಾರವೆ ಕಟ್ಟುವುದು, ಹಳೆಯ ಸಿಮೆಂಟು ಕೆತ್ತುವುದು ನನ್ನದು, ಮೆತ್ತುವುದು ನಿನ್ನದು, ಬಿದ್ದರೆ ಹೆಸರೂ ನಿನ್ನದೇ ಎಂದ. ಮಲ್ಲಕ್ಕ ಒಪ್ಪಿದಳು.

ತವರಿನಿಂದ ಅಣ್ಣ ರಂಗಪ್ಪ ಒಂದು ಗೋಣಿ ಮರಿ ಉಣ್ಣೆ ಬಸ್ಸಿನ ಮೇಲೆ ಹಾಕಿಸಿ ತಂದ. ಅದನ್ನು ನೋಡಿ ಮಲ್ಲಕ್ಕನ ಹಳೆಯ ಜೀವ ಎದ್ದು ಕುಳಿತಿತು. ಎರಡು ಸಲ ತೊಳೆದು ಒಣಗಿಸಿದಳು. ಚಿತ್ರಲಿಂಗಪ್ಪ ಮೂಲೆಯಲ್ಲಿದ್ದ ಬಿಲ್ಲು ತೆಗೆದು, ಅದರ ನಾರಿ ಮಿಡಿದು ಉಣ್ಣೆಯನ್ನು ಎಕ್ಕಿ ಕೊಟ್ಟ. ಉಣ್ಣೆ ಮೋಡದ ಹಾಗೆ ಅರಳಿತು. ಅದನ್ನು ಒದ್ದೆ ಗಾರೆಗೆ ಹಾಕಿ, ನಾಲ್ಕು ಹೆಂಗಸರು ಒನಕೆ ಹಿಡಿದು ಅರ್ಧ ದಿನ ಕುಟ್ಟಿದರು. ಇಷ್ಟು ಶ್ರದ್ಧೆಯಿಂದ ಮಾಡಿದ್ದು ಕೆಟ್ಟೀತೇ? ಕೆಟ್ಟಿತು. ಗುಮ್ಮಟದ ಮೂಲೆಯಲ್ಲಿ ಮೊರದಗಲ ಮೆತ್ತಿ ನೋಡಿದಳು. ಮೂರನೇ ದಿನ ಅಷ್ಟೂ ದೊಪ್ಪೆಂದು ಬಿತ್ತು. ಒಡೆದು ನೋಡಿದರೆ ಒಳಗೆ ಉಣ್ಣೆ ಗೋಲಿಗಳಾಗಿ ಉಂಡೆ ಕಟ್ಟಿತ್ತು.

ತಿಪ್ಪಯ್ಯ ಬೀಡಿ ಹಚ್ಚಿ, "ಗಾರೆ ಬಿತ್ತು ಅಂತ ಬೇಜಾರಾಗ್ಬೇಡ ಮಲ್ಲಕ್ಕ. ಕಂಬಳಿ ಚಲೋ ಬಂದೈತೆ" ಎಂದ. ಎಲ್ಲರೂ ನಕ್ಕರು. ಮಲ್ಲಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಹೋದಳು. ಅವಳಿಗೆ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ತನ್ನ ಬಾಯಿಂದ ಒಂದು ಗುಡಿಯಂಥ ಕಟ್ಟಡ ಹಾಳಾಗುತ್ತದಲ್ಲ ಎಂದು.

ಆದರೆ ಮೇಸ್ತ್ರಿಯ ಕುಹಕದಲ್ಲೇ ಉತ್ತರ ಇತ್ತು. ಊಟದ ತಟ್ಟೆ ಮುಂದಿಟ್ಟುಕೊಂಡು ಅವಳು ತಟ್ಟನೆ ಗಂಡನನ್ನು ಕೇಳಿದಳು: "ಒದ್ದೆ ಉಣ್ಣೆ ಕುಟ್ಟಿದ್ರೆ ಏನಾಗ್ತೈತೆ?"

"ಒಂದಕ್ಕೊಂದು ಗಟ್ಟಿಯಾಗಿ ಹಿಡ್ಕಂತೈತೆ. ಅದಕ್ಕೇ ಅಲ್ವೇನೇ ಕಂಬಳಿ ತುಳಿಯೋದು?"

"ಅಯ್ಯೋ ನಮ್ಮ ಬುದ್ಧಿಗಿಷ್ಟು! ನಾವು ಕಂಬಳೀನೇ ಮಾಡಿದ್ವಿ. ಕಂಬಳಿಗೆ ಉಣ್ಣೆ ಉಣ್ಣೇನ ಹಿಡೀಬೇಕು. ಗಾರೆಗೆ ಉಣ್ಣೆ ಸುಣ್ಣಾನ ಹಿಡೀಬೇಕು!"

ಬೇರೆ ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಉಣ್ಣೆಯನ್ನು ಚೆನ್ನಾಗಿ ಬಲ್ಲವರು ಮಾತ್ರ ಮಾಡುವ ತಪ್ಪು ಅದು. ಮಾರನೇ ದಿನ ಎಕ್ಕುವುದನ್ನು ಬಿಟ್ಟಳು. ಉಣ್ಣೆಯನ್ನು ಎರಡು ಬೆರಳುದ್ದಕ್ಕೆ ಕತ್ತರಿಸಿ, ಒಣಗಿದ್ದಾಗಲೇ ಕೋಲಿನಿಂದ ಬಡಿದು ಎಳೆ ಎಳೆ ಬಿಡಿಸಿದಳು. ಗಾರೆಯನ್ನು ಮೊದಲೇ ಕುಟ್ಟಿ ಹದ ಮಾಡಿದಳು. ಮೆತ್ತುವ ಹೊತ್ತಿಗೆ ಸರಿಯಾಗಿ, ಉಪ್ಪು ಚಿಮುಕಿಸುವ ಹಾಗೆ ಉಣ್ಣೆ ಉದುರಿಸಿ, ಕೈಯಲ್ಲೇ ಕಲಸಿದಳು. ಮೂರನೇ ದಿನ ಬೀಳಲಿಲ್ಲ. ಹತ್ತನೇ ದಿನವೂ ಬೀಳಲಿಲ್ಲ. ತಿಪ್ಪಯ್ಯ ಉಳಿ ಹಿಡಿದು ಕೀಳಲು ನೋಡಿದ, ಉಳಿಯೇ ಜಾರಿತು. ಅವನು ಬೀಡಿ ಆರಿಸಿ ಸಾರವೆಯ ಹಗ್ಗ ಬಿಗಿದ.

ಎರಡು ತಿಂಗಳು ಅವಳು ಸಾರವೆಯ ಮೇಲೇ ಇದ್ದಳು. ಕತ್ತು ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಸುಣ್ಣ ಬೀಳದಂತೆ ಸೆರಗು ಬಿಗಿದು, ಗುಮ್ಮಟದ ಒಳಮೈಯನ್ನು ಗೇಣು ಗೇಣಾಗಿ ಮೆತ್ತಿದಳು, ಉಜ್ಜಿದಳು. ಒದ್ದೆ ಗೋಣಿತಾಟು ಹಿಡಿದು ಬೇಗ ಒಣಗದಂತೆ ನೋಡಿಕೊಂಡಳು. ಹೊರಮೈಗೂ ಹೊಸ ಗಾರೆ ಬಿತ್ತು. ಕೊನೆಯಲ್ಲಿ ಉಣ್ಣೆ ಸಾಲದೆ ತಾನೇ ಶ್ರೀರಾಂಪುರದ ಬಸ್ಸು ಹತ್ತಿ ಹೋಗಿ ತಂದಳು. ಮೇಲಿನಿಂದ ಕೆಳಗೆ ನೋಡಿದಾಗ, ಹದಿನಾರು ವರ್ಷದಲ್ಲಿ ಮೊದಲ ಸಲ, ಅವಳ ಕಣ್ಣಿಗೆ ಯಾರ ಬೆನ್ನೂ ಅಡ್ಡ ಇರಲಿಲ್ಲ. ಆ ಸಂತೋಷವನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ, ಆದರೆ ಆ ದಿನಗಳಲ್ಲಿ ಮನೆಗೆ ಹೋಗುವಾಗ ಹಾಡಿಕೊಂಡು ಹೋಗುತ್ತಿದ್ದಳು ಎಂದು ಚಿತ್ರಲಿಂಗಪ್ಪ ಹೇಳುತ್ತಾನೆ.

ಆ ವರ್ಷ ಹಸ್ತೆಯೂ ಹೊಯ್ಯಿತು, ಚಿತ್ತೆಯೂ ಹೊಯ್ಯಿತು. ದುರ್ಗದಂಥ ಒಣ ಊರಿನಲ್ಲಿ ಬೀದಿಗಳೆಲ್ಲ ಹರಿದವು. ಜನ ಕೆರೆ ತುಂಬಿತೆಂದು ಕುಣಿದರೆ ಮಲ್ಲಕ್ಕ ಪ್ರತಿ ಬೆಳಗ್ಗೆ ಚರ್ಚಿಗೆ ಓಡಿ ನೆಲ ನೋಡುತ್ತಿದ್ದಳು. ಒಂದು ಚಿಟಿಕೆ ಸುಣ್ಣವೂ ಉದುರಿರಲಿಲ್ಲ.

ಮಳೆ ಹಿಂದಾದ ಮೇಲೆ ಎಂಜಿನಿಯರು ಬಂದರು. ಸಭೆಯವರೆಲ್ಲ ಬೆಂಚಿನಲ್ಲಿ ಕುಳಿತರು. ತಿಪ್ಪೇರುದ್ರಪ್ಪ ಏಣಿ ಹತ್ತಿ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಠಣ್, ಠಣ್. ಒಳ್ಳೆಯ ಮಡಕೆಯ ಸದ್ದು. ನೆತ್ತಿ ಮುಗಿಯಿತು, ಬಲಗಡೆ ಮುಗಿಯಿತು. ಎಡಗಡೆಯ ಅಂಚಿಗೆ ಬಂದಾಗ ಸದ್ದು ಬದಲಾಯಿತು. ಬೊದ್. ಇನ್ನೊಮ್ಮೆ ತಟ್ಟಿದರು. ಬೊದ್.

"ಇಲ್ಲಿ ಪೊಳ್ಳು" ಎಂದರು.

ಪಾದ್ರಿಗಳು ಕಣ್ಣು ಮುಚ್ಚಿದರು. ಮಲ್ಲಕ್ಕ ಏಣಿಯ ಬುಡಕ್ಕೆ ಬಂದು ತಲೆಯೆತ್ತಿದಳು. ಎಲ್ಲಿ ತಪ್ಪಿದೆ? ಯಾವ ದಿನದ ಕೆಲಸ ಅದು? ಎಷ್ಟು ನೆನೆದರೂ ಆ ಜಾಗಕ್ಕೆ ಕೈಹಾಕಿದ ನೆನಪೇ ಅವಳಿಗೆ ಬರಲಿಲ್ಲ.

ಹಿಂದಿನ ಬೆಂಚಿನಿಂದ ತಿಪ್ಪಯ್ಯ ಎದ್ದ. ತಲೆಯ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಸ್ವಾಮಿ, ಅದು ಅವಳದ್ದಲ್ಲ. ನಂದು."

ಎಲ್ಲರೂ ತಿರುಗಿದರು.

"ಅವಳು ಉಣ್ಣೆಗೆ ಶ್ರೀರಾಂಪುರಕ್ಕೆ ಹೋಗಿದ್ಳು. ಇನ್ನೂ ಅಲ್ಲಲ್ಲಿ ಮೆತ್ತೋದಿತ್ತು, ಆ ಅಂಚಿನಾಗೆ ಒಂದು ಗೇಣು. ಇಷ್ಟಕ್ಕೆ ಯಾಕೆ ಕಾಯೋದು ಅಂತ ನಾನೇ ಸಿಮೆಂಟು ಹಾಕಿ, ಮೇಲೆ ಸುಣ್ಣ ಬಳಿದೆ. ಅವಳಿಗೆ ಹೇಳ್ಲಿಲ್ಲ." ಗುಮ್ಮಟದ ಕಡೆ ತಲೆಯೆತ್ತಿದ. "ಮೂವತ್ತು ವರ್ಷದಿಂದ ಮೇಸ್ತ್ರಿ ನಾನು. ಒಂದು ಗೇಣಾದ್ರೂ ನಂದೂ ನಿಲ್ತೈತೇನೋ ಅಂತ ನೋಡಿದ್ದೆ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜನವೇ ಹೆಚ್ಚು. ತಿಪ್ಪಯ್ಯ ತುಂಬಿದ ಸಭೆಯಲ್ಲಿ ತಾನೇ ಮೀಸೆಗೆ ಮಣ್ಣು ಹಚ್ಚಿಕೊಂಡ. ಅದಕ್ಕಾಗಿ ಅವನನ್ನೂ ಮೆಚ್ಚಬೇಕು.

ಎಂಜಿನಿಯರು ಆ ಜಾಗಕ್ಕೆ ಉಳಿ ಇಟ್ಟು ಒಂದೇ ಪೆಟ್ಟು ಕೊಟ್ಟರು. ಗೇಣಗಲದ ಸಿಮೆಂಟು ತಟ್ಟೆಯ ಹಾಗೆ ಕಳಚಿ ಕೆಳಗೆ ಬಿತ್ತು. ಸುತ್ತ ಮಲ್ಲಕ್ಕನ ಗಾರೆಯ ಅಂಚು ಅಲುಗಲಿಲ್ಲ. ಅವರು ಆ ಅಂಚಿಗೆ ಉಳಿ ಇಟ್ಟು ಇನ್ನೂ ಎರಡು ಪೆಟ್ಟು ಹಾಕಿದರು. ಉಳಿ ಜಾರಿತು. ಏಣಿಯ ಮೇಲಿಂದಲೇ ನಕ್ಕರು.

"ಇಳಿಸೋದು ಬೇಡ, ಅಯ್ಯನೋರೆ. ಗುಮ್ಮಟ ಇರಲಿ. ಇನ್ನೊಂದು ನೂರು ವರ್ಷ ಇರಲಿ."

ಚರ್ಚಿನೊಳಗೆ ಗದ್ದಲ ಎದ್ದಿತು. ಪಾದ್ರಿಗಳು ಅಳುತ್ತಾ ನಗುತ್ತಿದ್ದರು. ಯಾರೋ ಹೋಗಿ ಗಂಟೆ ಬಾರಿಸಿದರು, ಪೇಟೆಯ ಜನ ಏನಾಯಿತೆಂದು ಬಾಗಿಲಿಗೆ ಬಂದರು. ಎಂಜಿನಿಯರು ಕೆಳಗಿಳಿದು, ಚೀಲದಿಂದ ಕಾಗದ ತೆಗೆದು, ಗುಮ್ಮಟ ಭದ್ರವಾಗಿದೆ ಎಂದು ಬರೆದರು. ಆಮೇಲೆ ತಲೆಯೆತ್ತಿ, "ಕೆಲಸ ಮಾಡಿದ ಮೇಸ್ತ್ರಿ ಹೆಸರು ಹಾಕ್ಬೇಕು. ಯಾರು ಅಂತ ಬರೀಲಿ?" ಎಂದರು.

"ಮಲ್ಲಕ್ಕ ಅಂತ ಬರ್ಕಳ್ರಿ ಸ್ವಾಮಿ" ಎಂದ ತಿಪ್ಪಯ್ಯ, ಎಲ್ಲರಿಗಿಂತ ಮೊದಲು. "ಮಲ್ಲಕ್ಕ ಮೇಸ್ತ್ರಿ."

ಮಲ್ಲಕ್ಕ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿಗೆ ಕಾಲಿಟ್ಟಿದ್ದಳು.

"ತಡೀರಿ ಸಾಹೇಬ್ರೆ, ಈಗ್ಲೇ ಬರೀಬ್ಯಾಡ್ರಿ. ಆ ಗೇಣು ಜಾಗಾನೂ ನಾನೇ ಮುಗಿಸ್ತೀನಿ. ಆಮೇಲೆ ಬರ್ಕಳ್ರಿ. ಮೇಸ್ತ್ರಿ, ನೋಡ್ತಾ ನಿಂತ್ಕಬ್ಯಾಡ, ಸುಣ್ಣ ತಗಂಬಾ."

ತಿಪ್ಪಯ್ಯ ಬಾಂಡ್ಲಿ ಹುಡುಕಲು ಹೋದ. ಎಂಜಿನಿಯರು ಪೆನ್ನಿಗೆ ಮುಚ್ಚಳ ಹಾಕಿ, ಮುಂದಿನ ಬೆಂಚಿನಲ್ಲಿ ಕುಳಿತು ಕಾದರು.