ಖಜೂರಿಯ ಮದುವೆ ಕುದುರೆ

ಖಜೂರಿಯಲ್ಲಿ ಮುಂಜಾನೆಯ ಬಸ್ಸಿಗೆ ಕಾಯುತ್ತಿದ್ದೆ. ಚಹಾದಂಗಡಿಯ ಎದುರು, ಕೊರೆಯುವ ಚಳಿಯಲ್ಲಿ, ಮದುವೆಗಳಿಗೆ ಕುದುರೆ ಬಾಡಿಗೆಗೆ ಕೊಡುವ ಶರಣಪ್ಪ ಕಬ್ಬಿಣದ ಕಡಿವಾಣವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದ. ಯಾಕೆಂದು ಕೇಳಿದೆ.

"ತಣ್ಣಂದು ಬಾಯಾಗ ಇಟ್ರ ಬೆದರ್ತದ್ರಿ."

ಬೆಚ್ಚಗಾದ ಮೇಲೆ ಅದನ್ನು ಪಕ್ಕದಲ್ಲಿ ಕಟ್ಟಿದ್ದ ಕುದುರೆಗೆ ತೊಡಿಸಿ ಅರ್ಧ ತಾಸು ನಡೆಸಿದ. ಆಮೇಲೆ ಸುತ್ತ ನೋಡಿ, ತಾನೇ ಹತ್ತಿ, ಕಬ್ಬಿನ ಹೊಲದವರೆಗೆ ಓಡಿಸಿಕೊಂಡು ಬಂದ. ಇಳಿದು, ಅದರ ಬೆನ್ನಿಗೆ ಕಂಬಳಿ ಹೊದಿಸಿದ.

"ಮದಿಮಗನಕಿಂತ ಮೊದಲ ಯಾರೂ ಹತ್ತಬಾರದು ಅಂತಾರ್ರಿ. ಹೋದ ಚಳಿಗಾಲದಾಗ ಅವರ ಮಾತು ಕೇಳಿ ಸುಮ್ನ ಕಟ್ಟಿಹಾಕಿದ್ದೆ. ಚಳಿಗೆ ಮೈ ಬಿಗದಿತ್ತು, ಬ್ಯಾಂಡ್ ಶುರು ಆದ ಕೂಡ್ಲೆ ಜಿಗೀತು. ಮ್ಯಾಲ ಕುಂತಿದ್ದ ಹುಡುಗ ತಲಿ ಕೆಳಗಾಗಿ ಬಿದ್ದ. ಅಕ್ಷತಾ ಬೀಳೂದ್ರಾಗ ಜೀವ ಹೋಗಿತ್ರಿ."

ಅಷ್ಟರಲ್ಲಿ ಇವತ್ತಿನ ಮದುಮಗನ ತಂದೆ ಬಂದರು. ಕಂಬಳಿಯ ಕೆಳಗೆ ಕೈ ಹಾಕಿ ನೋಡಿದರು.

"ಬೆನ್ನು ಬೆವತದಲ್ಲ. ಯಾರರೆ ಹತ್ತಿದ್ರೇನು?"

"ಇಲ್ರಿ ಮಾಲಕ್ರ, ಕಂಬಳಿ ಕಾವಿಗೆ ಬೆವತದ್ರಿ," ಎಂದ ಶರಣಪ್ಪ.

ಅವರು ನಂಬಲಿಲ್ಲ. ನನ್ನ ಕಡೆ ತಿರುಗಿದರು. "ನೀವರೆ ಖರೇ ಹೇಳ್ರಿ."

ಅವರ ಹಿಂದೆ, ಬಾಸಿಂಗ ಕಟ್ಟಿಕೊಂಡ ಹುಡುಗ ಚಳಿಗೆ ನಡುಗುತ್ತ ನಿಂತಿದ್ದ.

"ಯಾರೂ ಹತ್ತಿಲ್ರಿ," ಎಂದೆ.