ಮೇಪಲ್ ಎಲೆಯ ತಾಂಬೂಲ

ಅವರ ಬಲಗೈ ಹೆಬ್ಬೆರಳಿನ ಉಗುರಿನಡಿ ಸದಾ ಮರದ ತೊಗಟೆಯ ಕಂದು ಪುಡಿ ಇರುತ್ತಿತ್ತು. ಮೈಸೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ಅಮೆರಿಕದ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ಗೆ ಬಂದು ನೆಲೆಸಿದವರು. ನಮಗೆಲ್ಲ ಆಂಟಿ. ಪ್ರತಿ ಅಕ್ಟೋಬರ್‌ನ ಒಂದು ಭಾನುವಾರ ಸುತ್ತಲಿನ ಕನ್ನಡ ಮನೆಗಳವರನ್ನು ಕಾಡಿಗೆ ಕರೆದೊಯ್ದು, ಮರಗಳು ಚಳಿಗಾಲಕ್ಕೆ ಹೇಗೆ ಸಿದ್ಧವಾಗುತ್ತವೆಂದು ತೋರಿಸುತ್ತಿದ್ದರು. ಹಿಂದೆ ಕಾಫಿಯ ಫ್ಲಾಸ್ಕ್ ಹಿಡಿದು ಅವರ ಗಂಡ, ನಮ್ಮ ಅಂಕಲ್.

“ಆಂಟಿ, ಆರ್ ದೇ ಡೈಯಿಂಗ್?” ಎಂದು ಮಕ್ಕಳು ಕೇಳುತ್ತಿದ್ದವು.

“ಇಲ್ಲ ಪುಟ್ಟಾ, ಪ್ಯಾಕಿಂಗ್ ನಡೀತಿದೆ. ನಿಮ್ಮ ಅಂಕಲ್ ಥರ ಬೇಡದ್ದನ್ನೆಲ್ಲ ಸೂಟ್‌ಕೇಸಿಗೆ ತುರುಕಲ್ಲ, ಅಷ್ಟೆ.”

ಕೊನೆಗೆ ಪಾರ್ಕಿಂಗ್ ಲಾಟ್‌ನಲ್ಲಿ ಪ್ರತಿಯೊಬ್ಬರ ಕೈಗೂ ಉದುರಿದ ಒಂದು ಮೇಪಲ್ ಎಲೆ, ಅದರ ಮೇಲೊಂದು ಬಟ್ಟಲಡಿಕೆ. ವೀಳ್ಯದೆಲೆಯ ಬದಲು ಇದು. “ತಾಂಬೂಲ ತಗೊಂಡವರು ಹೊರಡಬಹುದು” ಎನ್ನುತ್ತಿದ್ದರು.

ಕಳೆದ ವರ್ಷ ಆಂಟಿಯ ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ಇನ್ನೊಂದು ಸುತ್ತು ಕೀಮೋ ಆಗಲೇಬೇಕೆಂದು ಅಂಕಲ್, ಸಾಕೆಂದು ಆಂಟಿ. ಆ ಜಗಳ ಮುಗಿಯದೆಯೇ ವಾಕ್‌ಗೆ ಬಂದರು. ಬೇಸಿಗೆಯ ಬಿರುಗಾಳಿಗೆ ಮುರಿದು ನೇತಾಡುತ್ತಿದ್ದ ಮೇಪಲ್ ಕೊಂಬೆಯೊಂದರ ಬಳಿ ಆಂಟಿ ನಿಂತರು. ಉಳಿದ ಕೊಂಬೆಗಳು ಬರಿದಾಗಿದ್ದವು; ಅದರಲ್ಲಿ ಮಾತ್ರ ಸುರುಟಿದ ಎಲೆಗಳು ಹಾಗೇ ಇದ್ದವು.

“ಎಳೀರಿ” ಎಂದರು ಅಂಕಲ್‌ಗೆ. ಎಲೆ ಹರಿಯಿತು, ತೊಟ್ಟು ಕಳಚಲಿಲ್ಲ.

“ಸತ್ತ ಕೊಂಬೆ ಎಲೆ ಉದುರಿಸಲ್ಲ ರೀ. ಬಿಡೋದಕ್ಕೂ ಜೀವ ಬೇಕು. ನನಗಿನ್ನೂ ಇದೆ.”

“ಪಾಠ ಸಾಕು ಮಾಡೇ. ಕಾಫಿ ಆರತ್ತೆ.” ಅಂಕಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು.

ಅಂದು ತಾಂಬೂಲ ಕೊಡುವಾಗ ಅಂಕಲ್ ಜಾಕೆಟ್ ಜೇಬಿನಿಂದ ಕೈ ತೆಗೆಯಲಿಲ್ಲ.

“ತಗೊಳ್ರೀ.”

“ತಗೊಂಡ್ರೆ ಹೊರಡಬೇಕಲ್ಲೇ.”

“ಹೊರಡೋಳು ನಾನು. ನೀವು ಕಳಿಸಿಕೊಟ್ಟರಾಯ್ತು.”

ಆಂಟಿ ಚಾಚಿದ ಎಲೆಯಿಂದ ಅಡಿಕೆ ಜಾರಿ ಕಾರಿನಡಿಗೆ ಉರುಳಿತು. ಅಂಕಲ್ ಎಲೆ ತೆಗೆದುಕೊಳ್ಳಲಿಲ್ಲ. ಆಂಟಿ ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಕಾರು ಹತ್ತಿದರು.

ಮರುವಾರ ಕೀಮೋ ಶುರುವಾಯಿತು. ಅಂಕಲ್‌ಗೋಸ್ಕರ ಆಂಟಿ ಒಪ್ಪಿದ್ದರು. ಆಮೇಲೆ ಅವರು ಊಟ ಮಾಡಿದ್ದನ್ನು ನಾವು ಯಾರೂ ನೋಡಲಿಲ್ಲ. ಮೊದಲ ಹಿಮ ಬೀಳುವ ಮುಂಚೆ ಆಸ್ಪತ್ರೆಯಲ್ಲೇ ತೀರಿಕೊಂಡರು.

ಫ್ಯೂನರಲ್ ಹೋಮ್‌ನಲ್ಲಿ ಪುರೋಹಿತರು ಮಂತ್ರ ಮುಗಿಸಿದಾಗ ಅಂಕಲ್ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬಂದರು. ಕೈಯಲ್ಲೊಂದು ಒದ್ದೆ ಮೇಪಲ್ ಎಲೆ. ಜೇಬಿನಿಂದ ಬಟ್ಟಲಡಿಕೆ ತೆಗೆದು ಅದರ ಮೇಲಿಟ್ಟು, ಆಂಟಿಯ ಅಂಗೈಯಲ್ಲಿ ಇರಿಸಿದರು. ಆ ಕೈಯ ಹೆಬ್ಬೆರಳನ್ನು ಯಾರೋ ತಿಕ್ಕಿ ತೊಳೆದಿದ್ದರು; ಉಗುರು ಬೆಳ್ಳಗಿತ್ತು. ಅದನ್ನೇ ಸವರುತ್ತ ಅಂಕಲ್ ಹೇಳಿದರು:

“ತಗೋ. ಇನ್ನು ಹೊರಡು.”