ಕ್ರಿಸ್ಮಸ್ ಬೆಳಿಗ್ಗೆ, ಮಕ್ಕಳ ವಾರ್ಡಿನಿಂದ

ಹಳೆಯ ಟೀವಿ ಕಾರ್ಯಕ್ರಮಗಳನ್ನು ಹುಡುಕಿ ಇಂಟರ್ನೆಟ್ಟಿಗೆ ಹಾಕುವವರ ಬಗ್ಗೆ ನನಗೆ ಒಂದು ಕಾಲದಲ್ಲಿ ತುಂಬ ಗೌರವವಿತ್ತು. ಈಗ ಸಿಟ್ಟಿದೆ. ಅವರ ತಪ್ಪೇನೂ ಇಲ್ಲ, ನನಗೆ ಗೊತ್ತು. ಆದರೂ ಇದೆ.

ಆಗ ನನ್ನ ಮಗಳಿಗೆ ಏಳು ವರ್ಷ. ಎರಡು ತಿಂಗಳಿಂದ ಕುವೈತಿನ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದಳು. ರಕ್ತದ ಕ್ಯಾನ್ಸರ್. ನನ್ನ ಹೆಂಡತಿ ಬೇರೊಂದು ಆಸ್ಪತ್ರೆಯಲ್ಲಿ ನರ್ಸ್, ರಿಪೋರ್ಟು ನೋಡಿದರೆ ಸಾಕು, ಡಾಕ್ಟರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಾನು ಆಫೀಸಿನಲ್ಲಿ ಫೈಲು ತಿರುವುವವನು. ಅರ್ಥವಾದದ್ದನ್ನೂ ಅರ್ಥವಾಗದ ಹಾಗೆ ಬದಿಗಿಡುವುದು ನನಗೆ ರೂಢಿಯಾಗಿತ್ತು.

ಕಾರ್ಟೂನು ನೋಡಿ ನೋಡಿ ಅವಳಿಗೆ ಬೇಸರ ಬಂದಿದ್ದಾಗ ಆ ವಿಡಿಯೊಗಳು ಸಿಕ್ಕಿದವು. ಯಾವುದೋ ತಂಪು ದೇಶದ್ದು, ನಾಲ್ಕೈದು ದಶಕದಷ್ಟು ಹಳೆಯದು, ಬಣ್ಣ ಮಾಸಿದ್ದು. ಕ್ರಿಸ್ಮಸ್ ಬೆಳಿಗ್ಗೆ ಮಕ್ಕಳ ಆಸ್ಪತ್ರೆಯಿಂದ ನೇರ ಪ್ರಸಾರ. ಸೂಟು ತೊಟ್ಟ ಒಬ್ಬ ಮನುಷ್ಯ ಮೈಕ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಏನು ಉಡುಗೊರೆ ಬಂತು, ಮನೆಗೆ ಯಾವಾಗ ಹೋಗುತ್ತೀ ಎಂದು ಕೇಳುತ್ತಿದ್ದ. ಮಕ್ಕಳೆಲ್ಲ ನಗುತ್ತಿದ್ದರು. ಕೊನೆಯಲ್ಲಿ, ನಿನ್ನವರು ಈ ಸಲ ಬರುವುದಿಲ್ಲ ಎಂದು ಮೊದಲೇ ನಂಬಿಸಿದ್ದ ಒಂದು ಮಗುವಿನ ಹಾಸಿಗೆಯ ಪಕ್ಕದ ಪರದೆ ಸರಿಯುತ್ತಿತ್ತು. ಅಲ್ಲಿ ದೂರದೇಶದಿಂದ ಯಾರಿಗೂ ತಿಳಿಯದಂತೆ ಕರೆತಂದ ಅಪ್ಪನೋ ಅಜ್ಜಿಯೋ ನಿಂತಿರುತ್ತಿದ್ದರು. ಮಗು ಕಿರುಚುತ್ತಿತ್ತು. ಸೂಟಿನವನೂ ಕಣ್ಣೊರೆಸಿಕೊಳ್ಳುತ್ತಿದ್ದ.

ಅಂಥವು ಮೂರೋ ನಾಲ್ಕೋ ಇದ್ದವು. ಅವಳು ಅವನ್ನೇ ದಿನಾ ನೋಡಿದಳು.

"ವೇರ್ ಆರ್ ದೇ ನೌ, ಡ್ಯಾಡಾ?" ಎಂದು ಒಂದು ದಿನ ಕೇಳಿದಳು. ಇಲ್ಲಿ ಹುಟ್ಟಿದ ಮಗು, ನಾವು ಏನು ಮಾತಾಡಿದರೂ ಉತ್ತರ ಇಂಗ್ಲಿಷಿನಲ್ಲೇ.

"ಎಲ್ಲ ಗುಣ ಆಗಿ ದೊಡ್ಡವರಾಗಿದ್ದಾರೆ ಮಗಾ. ಅಜ್ಜ ಅಜ್ಜಿ ಆಗಿರಬಹುದು."

"ಆಲ್ ಆಫ್ ದೆಮ್?"

"ಎಲ್ಲರೂ."

ಆಮೇಲೆ, ಕ್ರಿಸ್ಮಸ್ಸಿಗೆ ಊರಿಂದ ಗ್ರ್ಯಾನಿ ಬರ್ತಾರಾ ಎಂದು ಕೇಳಿದಳು. "ನೋಡುವಾ" ಎಂದೆ. ನಮ್ಮ ಮಂಗಳೂರಿನಲ್ಲಿ ಹಿರಿಯರು 'ನೋಡುವಾ' ಎಂದರೆ ಆ ಮಾತು ಅಲ್ಲಿಗೇ ಮುಗಿಯಿತೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಇವಳು ನಿಜವಾಗಿಯೂ ನೋಡತೊಡಗಿದಳು. ಮರುದಿನದಿಂದ ತನ್ನ ಹಾಸಿಗೆಯ ಪರದೆಯನ್ನು ಅರ್ಧ ಮುಚ್ಚಿಯೇ ಇಡಬೇಕೆಂದು ನರ್ಸುಗಳಿಗೆ ತಾಕೀತು ಮಾಡಿದಳು.

ಖೈತಾನ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆ ರಾತ್ರಿ ನಮಗಿಬ್ಬರಿಗೆ ಜಗಳವಾಯಿತು. ನಮ್ಮ ಮನೆಮಾತು ಕೊಂಕಣಿ, ಇಲ್ಲಿ ಬರೆಯುತ್ತಿರುವುದು ಮಾತ್ರ ಮಂಗಳೂರು ಕನ್ನಡದಲ್ಲಿ.

"ಮಾಂಯ್‌ಗೆ ಹೇಳಿ ಇನ್ನಾದ್ರೂ" ಎಂದಳು ಹೆಂಡತಿ. ಮಾಂಯ್ ಎಂದರೆ ನನ್ನ ಅಮ್ಮ, ಊರಿನಲ್ಲಿ ನನ್ನ ಅಣ್ಣನ ಮನೆಯಲ್ಲಿ ಇದ್ದವಳು. "ಒಂದು ವಿಸಿಟ್ ವೀಸಾ ಮಾಡಿಸಿ. ಬಂದು ನೋಡ್ಲಿ."

"ಹಬ್ಬದ ಸಮಯ ಮಾರಾಯ್ತಿ. ಅವರಿಗೆ ಬಿ.ಪಿ. ಬೇರೆ ಉಂಟು. ರಜೆಯಲ್ಲಿ ನಾವೇ ಹೋಗುವಾ."

"ರಜೆಯಲ್ಲಾ?" ಎಂದಳು.

ಗಲ್ಫಿನಲ್ಲಿರುವವರ ರೀತಿಯೇ ಹೀಗೆ. ಕೆಲಸ ಹೋದರೂ ಊರಿಗೆ ಹೇಳುವುದಿಲ್ಲ, ಆಪರೇಷನ್ ಆದರೂ ಹೇಳುವುದಿಲ್ಲ, ಒಳ್ಳೆಯ ಅಂಗಿ ತೊಟ್ಟು ವಿಡಿಯೊ ಕಾಲ್ ಮಾಡುತ್ತೇವೆ. ಊರಿನವರೂ ಕಮ್ಮಿಯಿಲ್ಲ. ಅಪ್ಪ ತೀರಿಕೊಂಡಾಗ ಅಣ್ಣ "ಸ್ವಲ್ಪ ಸೀರಿಯಸ್, ಬಾ" ಎಂದಷ್ಟೇ ಹೇಳಿದ್ದ. ಏರ್‌ಪೋರ್ಟಿನಲ್ಲಿ ಅವನ ಮುಖ ನೋಡಿದ ಮೇಲೆಯೇ ನನಗೆ ತಿಳಿದದ್ದು. ಇದನ್ನು ನಾವು ಪ್ರೀತಿ ಎಂದು ಕರೆಯುತ್ತೇವೆ. ಅಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಮಗುವಿಗೆ ಆಗಾಗ ಜ್ವರ, ಚೆಕಪ್ಪಿಗೆಂದು ಆಸ್ಪತ್ರೆಯಲ್ಲಿದ್ದಾಳೆ.

ಇಲ್ಲಿ ಕ್ರಿಸ್ಮಸ್ಸಿಗೆ ರಜೆಯಿಲ್ಲ. ನಾನು ರಜೆ ಹಾಕಿ ಬೆಳಿಗ್ಗೆಯೇ ವಾರ್ಡಿಗೆ ಹೋದೆ. ಹೆಂಡತಿ ನೈಟ್ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಳು. ಅಮ್ಮ ಯಾರದೋ ಕೈಯಲ್ಲಿ ಕಳಿಸಿದ್ದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಡಬ್ಬಿ ಹಿಂದಿನ ದಿನವೇ ಬಂದಿತ್ತು. ಹೊರಗಿನದು ಏನೂ ತಿನ್ನಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ಮಗಳು ನೆವ್ರಿ, ಕಿಡಿಯೊಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ನೋಡುತ್ತ ಕೂತಳು.

ನಾನು ಅವಳ ತಲೆಗೆ ಕೆಂಪು ಟೊಪ್ಪಿ ಹಾಕಿದೆ. ಸೂಜಿ ಚುಚ್ಚಿದ್ದ ಕೈಯನ್ನು ಹೊದಿಕೆಯೊಳಗೆ ಸೇರಿಸಿದೆ. ಡ್ರಿಪ್ಪಿನ ಸ್ಟ್ಯಾಂಡು ಫೋನಿಗೆ ಕಾಣದಂತೆ ಹಿಂದಕ್ಕೆ ತಳ್ಳಿದೆ. "ಗ್ರ್ಯಾನಿ ಕೇಳಿದ್ರೆ ಫೈನ್ ಅಂತ ಹೇಳ್ಬೇಕು, ಆಯ್ತಾ? ನಗಾಡ್ಬೇಕು." ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಳು. ನಾನು ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ಜೇಬಿನ ಬಾಚಣಿಗೆಯನ್ನೇ ಮೈಕ್ ಮಾಡಿಕೊಂಡು, "ನಮಸ್ಕಾರ, ಇದು ಕುವೈತಿನ ಮಕ್ಕಳ ವಾರ್ಡಿನಿಂದ ನೇರ ಪ್ರಸಾರ" ಎಂದು ಶುರು ಮಾಡಿದೆ. ಆ ಸೂಟಿನವನಿಗಿಂತ ಚೆನ್ನಾಗಿಯೇ ಮಾಡಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

"ಐ ಆಮ್ ಫೈನ್, ಗ್ರ್ಯಾನಿ" ಎಂದು ಮಗಳು ನಕ್ಕಳು. ಆಮೇಲೆ, ನಾನು ಹೇಳಿಕೊಡದೆಯೇ, "ವೆನ್ ಆರ್ ಯೂ ಕಮಿಂಗ್?" ಎಂದಳು.

ನಾನು ಫೋನನ್ನು ನನ್ನ ಕಡೆ ತಿರುಗಿಸಿ ಜೋರಾಗಿ ನಕ್ಕೆ. ಅಮ್ಮನೂ ನಕ್ಕಳು. ನೆಟ್‌ವರ್ಕ್ ಸರಿಯಿಲ್ಲ ಎಂದು ಕಾಲ್ ಕಟ್ ಮಾಡಿದೆ.

ಅಮ್ಮ ಊರಿನಲ್ಲೇ ಇದ್ದದ್ದನ್ನು ಫೋನಿನಲ್ಲಿ ಕಣ್ಣಾರೆ ನೋಡಿದ ಮೇಲೂ ಮಗಳು ನಂಬಲಿಲ್ಲ. ವಿಡಿಯೊದಲ್ಲಿಯೂ ಮೊದಲು ಸುಳ್ಳು ಹೇಳಿ ಆಮೇಲೆ ಪರದೆ ಸರಿಸುತ್ತಿದ್ದರಲ್ಲ. ಕಸ ಗುಡಿಸುವವಳು ಬಂದಾಗ, ನರ್ಸು ಬಂದಾಗ, ಪರದೆ ಅಲುಗಿದಾಗಲೆಲ್ಲ ದಿಂಬಿನಿಂದ ಕತ್ತೆತ್ತಿದಳು. ಮಧ್ಯಾಹ್ನದ ನಂತರ ಕತ್ತೆತ್ತುವುದನ್ನು ಬಿಟ್ಟು ಕಣ್ಣಷ್ಟೇ ಹೊರಳಿಸಿದಳು. ಸಂಜೆಯ ಹೊತ್ತಿಗೆ, "ಓಪನ್ ಇಟ್ ಫುಲ್ಲಿ, ಡ್ಯಾಡಾ" ಎಂದಳು. ನಾನು ಎದ್ದು ಪರದೆಯನ್ನು ಗೋಡೆಯವರೆಗೂ ಸರಿಸಿದೆ. ಎದುರಿನ ಹಾಸಿಗೆ ಖಾಲಿಯಿತ್ತು. ಅವಳು ಅದನ್ನು ನೋಡಿ ಮಗ್ಗುಲಾದಳು.

ಹೊಸ ವರ್ಷ ಬಂದು ಎಂಟನೆಯ ದಿನ ತೀರಿಕೊಂಡಳು. ಊರಿಗೆ ಒಯ್ದು ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಅಮ್ಮ ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಸುಳ್ಳನ್ನು ಬಿಸಿ ತುಪ್ಪದ ಹಾಗೆ ಉಗುಳಲೂ ಆಗದೆ ನುಂಗಲೂ ಆಗದೆ ನಾನು ಒಂದು ತಿಂಗಳು ಕಳೆದೆ. ಚರ್ಚಿನಲ್ಲಿ ಮಗಳ ತಿಂಗಳ ಪೂಜೆ ಮುಗಿದ ದಿನ ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಾಗ ಹೋಗಿ, "ಮಾಂಯ್, ನಾನು ನಿನಗೆ ಸುಳ್ಳು ಹೇಳಿದೆ" ಎಂದೆ.

"ಗೊತ್ತುಂಟು" ಎಂದಳು. "ಅವತ್ತು ಫೋನಿನಲ್ಲೇ ಗೊತ್ತಾಯ್ತು. ಮಗುವಿಗೆ ಹುಬ್ಬೇ ಇರ್ಲಿಲ್ಲ. ನೀನು ಟೊಪ್ಪಿ ಹಾಕಿ ತಲೆ ಮುಚ್ಚಿದ್ದಿ. ಹುಬ್ಬು ಮುಚ್ಲಿಕ್ಕೆ ಆಗ್ತದಾ?"

"ಮತ್ತೆ ಯಾಕೆ ಕೇಳ್ಲಿಲ್ಲ ನೀನು?"

"ನೀನು ಅಷ್ಟು ನಗಾಡ್ತಾ ಇದ್ದಿ. ನಾನು ಅತ್ರೆ ನಿನ್ನ ಧೈರ್ಯ ಹೋಗ್ತದೆ ಅಂತ ನಾನೂ ನಗಾಡಿದೆ." ಪಾತ್ರೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಅವತ್ತೇ ಪಾಸ್‌ಪೋರ್ಟ್ ತೆಗೆದಿಟ್ಟಿದ್ದೆ ಮಗಾ. ಇವತ್ತು ಕರೀತಿ, ನಾಳೆ ಕರೀತಿ ಅಂತ ಕಾದೆ."